ತಾಳಮಲೆಗೆ ಅತ್ತು ಮಾತ್ರೆ

ಮದ್ದಿನಂಗಡಿಯಲ್ಲಿ ಕೂತವನು ನಗು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ, ಅದು ತಾನೇ ಚೀಟಿ ಹಿಡಿದುಕೊಂಡು ಬರುತ್ತದೆ. ಹಾಗಂತ ಬರುವವರು ಯಾರೂ ನಗಿಸಲು ಬರುವುದಿಲ್ಲ. ಜ್ವರ ಅಂತ ಬರುತ್ತಾರೆ, ಹೊಟ್ಟೆನೋವು ಅಂತ ಬರುತ್ತಾರೆ, ಡಾಕ್ಟರು ಬರೆದದ್ದಕ್ಕೆಲ್ಲ ಎಷ್ಟಾಗಿಬಿಡುತ್ತದೋ ಎನ್ನುವ ಹೆದರಿಕೆಯನ್ನು ಮಡಿಲಲ್ಲಿ ಕಟ್ಟಿಕೊಂಡು ಬರುತ್ತಾರೆ. ಆದರೂ ದಿನಕ್ಕೊಂದು ಎಡವಟ್ಟು ಆಗಿಯೇ ತೀರುತ್ತದೆ. ಗಡಿಯಾಚೆ ತಮಿಳು ಸೀಮೆಗೆ ಸೇರಿದ ತಾಳವಾಡಿಯಂಥ ಊರಿನಲ್ಲಿ, ಆಡುವ ಮಾತು ಕನ್ನಡ, ಡಾಕ್ಟರ ಚೀಟಿ ಇಂಗ್ಲಿಷು, ಪೊಟ್ಟಣದ ಮೇಲೆ ಬರೆಯುವುದು ತಮಿಳು ಅಂದಮೇಲೆ, ದಿನಕ್ಕೆ ಎರಡು ಆಗುವುದೂ ಉಂಟು.

ನಾನು ಮೈಸೂರಿನವನು. ಕೊಯಮತ್ತೂರಿನಲ್ಲಿ ಔಷಧದ ಓದು ಮುಗಿಸಿ, ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ, ತಾಳವಾಡಿ ಬಸ್ ಸ್ಟ್ಯಾಂಡಿನ ಪಕ್ಕ ನನ್ನ ಸೋದರಮಾವ ಇಟ್ಟಿದ್ದ ಅಂಗಡಿಗೆ ಬಂದೆ. ಒಂದು ವರ್ಷ ಇದ್ದು ಹೋಗೋಣ ಎಂದು ಬಂದವನು ಒಂಬತ್ತು ವರ್ಷ ಇದ್ದೆ. ಈಗ ಮತ್ತೆ ಮೈಸೂರಿನಲ್ಲಿದ್ದೇನೆ. ಬೆಳಗಿನ ಕಾಫಿ ಕುಡಿಯುವಾಗ ಆ ಎದೆಮಟ್ಟದ ಮರದ ಮೇಜು, ಎದುರಿನ ಕಾಲು ಕುಂಟುವ ಬೆಂಚು, ಬಾಗಿಲ ಆಚೆ ಕಾಣುತ್ತಿದ್ದ ನೀಲಿ ಬೆಟ್ಟದ ಸಾಲು ಕಣ್ಣ ಮುಂದೆ ಬರುತ್ತವೆ. ಒಂದೇ ಒಂದು ದಿನ ಆ ಮೇಜಿನ ಹಿಂದೆ ಮತ್ತೆ ನಿಲ್ಲಬೇಕು ಅನಿಸುತ್ತದೆ. ಅಂಗಡಿ ಈಗಿಲ್ಲ, ಮಾವನೂ ಇಲ್ಲ. ಉಳಿದಿರುವುದು ಈ ಕತೆಗಳು ಮಾತ್ರ.

೧. ಅತ್ತು

ಅಂಗಡಿಗೆ ಬಂದ ಮೊದಲನೇ ವಾರ. ಮಾವ ಒಳಗಡೆ ಕುರ್ಚಿಯಲ್ಲಿ ಪೇಪರ್ ಓದುತ್ತಿದ್ದರು. ಮೊಣಕಾಲವರೆಗೆ ಕೆಂಪು ದೂಳು ಮೆತ್ತಿಕೊಂಡ, ನಲವತ್ತರ ಆಸುಪಾಸಿನ ಒಬ್ಬ ಕೂಲಿಯಾಳು ಬಂದು ಮೇಜಿನ ಮುಂದೆ ನಿಂತ. ಹೆಗಲ ಟವಲ್ ತೆಗೆದು ಕಂಕುಳಲ್ಲಿ ಇಟ್ಟುಕೊಂಡ.

"ತಾಳಮಲೆಯಿಂದ ಬಂದೀನಿ ಸಾಮಿ. ಅತ್ತು ಮಾತ್ರೆ ಕೊಡಿ," ಅಂದ.

ಪಾಪ, ಅತ್ತು ಕೇಳುತ್ತಿದ್ದಾನೆ ಅಂದುಕೊಂಡೆ. "ಅಳಬೇಡಪ್ಪ, ಸುಮ್ಮನೆ ಕೇಳಿದರೂ ಕೊಡ್ತೀನಿ," ಅಂದೆ.

ಅವನು ನನ್ನನ್ನೇ ನೋಡಿದ. "ನಾ ಎಲ್ಲಿ ಅತ್ತೆ ಸಾಮಿ?"

"ನೀನೇ ಅಂದೆಯಲ್ಲ, ಅತ್ತು ಅಂತ."

"ಊಂ. ಅತ್ತೇ ಸಾಕು. ಜಾಸ್ತಿಗೆ ಕಾಸಿಲ್ಲ."

ಕಾಸಿಗೂ ಅಳುವುದಕ್ಕೂ ಏನು ಸಂಬಂಧ ಎಂದು ನಾನು ಯೋಚಿಸುತ್ತಿರುವಾಗ ಪೇಪರಿನ ಹಿಂದಿನಿಂದ ಮಾವನ ದನಿ ಬಂತು. "ಅತ್ತು ಕಣ್ಲಾ, ಅತ್ತು. ಒಂಬತ್ತಾದ್ಮ್ಯಾಲೆ ಬತ್ತದಲ್ಲ, ಅದು."

ಆಗ ತಿಳಿಯಿತು, ಈ ಸೀಮೆಯಲ್ಲಿ ಮಾತಿನ ಮೊದಲಿಗೆ ಬರುವ ಹಕಾರವನ್ನು ಯಾರೂ ಇಟ್ಟುಕೊಳ್ಳುವುದಿಲ್ಲ ಅಂತ. ಹಳ್ಳಿ ಅಳ್ಳಿ, ಹೊಲ ಒಲ, ಹತ್ತು ಅತ್ತು. ನಮ್ಮ ಮಾವನ ಹಕಾರ ಅವರು ಬಂದ ವರ್ಷವೇ ಬಸ್ಸಿನಲ್ಲಿ ಬಿದ್ದುಹೋಗಿತ್ತಂತೆ.

ಹತ್ತು ಮಾತ್ರೆ ಎಣಿಸುತ್ತ ಅವನ ಚೀಟಿ ನೋಡಿದೆ. ಮೂರ್ಛೆರೋಗದ ಮಾತ್ರೆ, ದಿನಕ್ಕೊಂದು, ಹೆಂಡತಿಗೆ. ಚೀಟಿಯ ಹಿಂದೆ ಮಾವ ಹಾಕಿದ್ದ ತಾರೀಖಿನ ಪ್ರಕಾರ ಹಿಂದಿನ ಹತ್ತು ಮಾತ್ರೆ ಕೊಂಡುಹೋಗಿ ಇಪ್ಪತ್ತು ದಿನವಾಗಿತ್ತು. "ಹತ್ತು ಮಾತ್ರೆ ಇಪ್ಪತ್ತು ದಿನ ಹೇಗೆ ಬಂತು?" ಎಂದು ಕೇಳಿದೆ.

"ಒಂದಿನ ಕೊಟ್ಟು ಒಂದಿನ ಬುಡ್ತೀನಿ ಸಾಮಿ. ಅತ್ತು ಮಾತ್ರೆಗ ಎರಡು ದಿಸದ ಕೂಲಿ ಓಯ್ತದ. ಬುಟ್ ದಿವ್ಸನೇ ಅವ್ಳು ಬಿದ್ಬುಡ್ತಾಳ."

ಒಮ್ಮೆ ಒಲೆಯ ಪಕ್ಕ ಬಿದ್ದು ಕೈ ಸುಟ್ಟುಕೊಂಡಿದ್ದಳಂತೆ. ಅಂದಿನಿಂದ ಅವಳನ್ನು ಅಂಗಳ ದಾಟಲು ಬಿಡುತ್ತಿರಲಿಲ್ಲ. ಸತ್ಯಮಂಗಲದ ಡಾಕ್ಟರು ಮಾತು ಕೊಟ್ಟಿದ್ದರಂತೆ: ಒಂದು ದಿನವೂ ತಪ್ಪದೆ ಮಾತ್ರೆ ನುಂಗಲಿ, ಮೂರು ವರ್ಷ ಮೂರ್ಛೆ ಬಾರದೆ ಇರಲಿ, ಆಮೇಲೆ ಎಲ್ಲಿಗೆ ಬೇಕಾದರೂ ಹೋಗಲಿ ಅಂತ.

"ಎಲ್ಲಿಗೆ ಹೋಗಬೇಕಂತೆ ಅವಳಿಗೆ?"

"ಇಲ್ಲಿಗೇ ಸಾಮಿ. ತಾಳವಾಡಿ ನೋಡ್ಬೇಕಂತೆ. ಬಸ್ ಅತ್ತ್ಬೇಕು ಅಂತಾಳ."

ಬಸ್ಸಿಗೂ ಅಳಬೇಕೇ ಎಂದು ನಾನು ಮಾವನ ಕಡೆ ತಿರುಗಿದೆ. ಪೇಪರ್ ಇಳಿಸದೆಯೇ ಮಾವ ಅಂದರು, "ಇದು ಬೇರೆ ಅತ್ತು."

೨. ಕಾರ್ಡಿನ ಎಸ್ರು

ಆ ಮಾತ್ರೆಯನ್ನು ಡಾಕ್ಟರು ಒಂದು ಕಂಪನಿ ಇಟ್ಟ ಹೆಸರಿನಲ್ಲಿ ಬರೆದಿದ್ದರು. ಅದೇ ಮದ್ದು, ಅದೇ ತೂಕ, ಮದ್ದಿನ ಸ್ವಂತ ಹೆಸರಿನಲ್ಲಿ ನಮ್ಮ ಕಪಾಟಿನ ಕೆಳಗಿನ ಸಾಲಿನಲ್ಲೇ ಇತ್ತು. ಬೆಲೆ ಕಾಲುಭಾಗ. ಓದಿ ಬಂದ ಬಿಸಿ ಆರಿರದ ನನಗೆ ಇದನ್ನು ಹೇಳದೆ ಇರಲಾಗಲಿಲ್ಲ. ಮುಂದಿನ ಸಲ ಬಂದಾಗ ತಾಳಮಲೆಯವನಿಗೆ ಎರಡೂ ತೋರಿಸಿದೆ.

ಅವನು ಅಗ್ಗದ ಮಾತ್ರೆಯನ್ನು ಬೆಳಕಿಗೆ ಹಿಡಿದು ನೋಡಿದ. "ಇಷ್ಟ್ ಕಮ್ಮಿ ಅಂದ್ರ ಒಳಗ ಬರೀ ಸುಣ್ಣ ಇರ್ಬೇಕು."

"ನಿನ್ನ ಹೆಸರೇನು?" ಎಂದು ಕೇಳಿದೆ.

"ಎಲ್ಲಿ ಸಾಮಿ? ಮನೇಲಾ, ಕಾರ್ಡಲ್ಲಾ?"

ಮನೆಯಲ್ಲಿ ಅವನು ಕೆಂಚ. ರೇಷನ್ ಕಾರ್ಡಿನಲ್ಲಿ ಮಾದೈಯನ್. "ಸರಿ. ಕೆಂಚನಿಗೆ ಒಂದು ಕೂಲಿ, ಮಾದೈಯನಿಗೆ ಒಂದು ಕೂಲಿ ಕೊಡ್ತಾರಾ?"

"ಒಬ್ಬನ್ಗೇ ಸರ್ಯಾಗಿ ಕೊಡಾಕಿಲ್ಲ ಸಾಮಿ."

"ಆಳು ಒಬ್ಬನೇ ತಾನೆ? ಮದ್ದಿಗೂ ಹಾಗೇ. ಇದು ಕಂಪನಿಯವರು ಮುದ್ದಿಗೆ ಕರೆಯುವ ಹೆಸರು. ಇದು ಕಾರ್ಡಿನ ಹೆಸರು. ಮುದ್ದಿಗೆ ಕಾಸು ಜಾಸ್ತಿ."

ಅವನಿಗೆ ತಕ್ಷಣ ಅರ್ಥವಾಯಿತು. ಆದರೆ ಮೂರ್ಛೆಯ ಮದ್ದನ್ನು ನಾನಾಗಿ ಬದಲಾಯಿಸುವಂತಿಲ್ಲ. ಡಾಕ್ಟರಿಗೊಂದು ಕಾಗದ ಬರೆದು ಸತ್ಯಮಂಗಲದ ಬಸ್ ಕಂಡಕ್ಟರ ಕೈಗೆ ಕೊಟ್ಟೆ. ಮಾರನೆಯ ದಿನ ಅದೇ ಕಾಗದದ ಬೆನ್ನ ಮೇಲೆ ಉತ್ತರ ಬಂತು. ಎಂಥೆಂಥ ಡಾಕ್ಟರ ಚೀಟಿಯನ್ನೂ ಓದಿ ಬಿಸಾಡುತ್ತಿದ್ದ ನನಗೆ ಆ ನಾಲ್ಕು ಸಾಲು ಓದಲಾಗಲಿಲ್ಲ. ಮಾವ ಕನ್ನಡಕ ಬದಲಿಸಿ ನೋಡಿದರು, ಆಗಲಿಲ್ಲ. ಕಂಡಕ್ಟರು ಕಾಗದವನ್ನು ಈಸಿಕೊಂಡು ಒಂದು ಸಲ ನೋಡಿ, "ಅದೇ ಮದ್ದು, ಧಾರಾಳವಾಗಿ ಕೊಡಿ, ಆದ್ರ ತಿಂಗ್ಳಿಗೊಂದ್ ಕಂಪನಿ ಮಾಡ್ಬ್ಯಾಡಿ, ಒಂದ್ರಲ್ಲೇ ನಿಲ್ಲಿ ಅಂತದ," ಅಂದರು.

ನನಗೆ ಅವಮಾನವಾಯಿತು. "ಹೇಗೆ ಓದಿದಿರಿ?"

"ನಾನೆಲ್ಲಿ ಓದ್ದೆ? ಇದನ್ನ ಯಾರೂ ಓದಾಕಾಗಲ್ಲ ಅಂತ ಅವ್ರೇ ಬಾಯಲ್ಲೂ ಏಳಿ ಕಳ್ಸುದ್ರು."

ಅವನು ಮತ್ತೆ ಬಂದಾಗ ಹತ್ತು ಮಾತ್ರೆಗೆ ಅರ್ಧ ದಿನದ ಕೂಲಿ ಸಾಕಾಯಿತು. ಆವತ್ತಿನಿಂದ ಅವನ ಹೆಂಡತಿಯ ಮೂರು ವರ್ಷದ ಲೆಕ್ಕ ಶುರುವಾಯಿತು. ಅವನು ಸಂತೋಷವನ್ನು ಹೊಟ್ಟೆಯಲ್ಲಿಟ್ಟುಕೊಳ್ಳದೆ, ತಾಳವಾಡಿ ಅಂಗಡಿಯಲ್ಲಿ ಕಾರ್ಡಿನ ಹೆಸರು ಹೇಳಿದರೆ ಮದ್ದು ಅಗ್ಗ ಎಂದು ದಾರಿಯುದ್ದಕ್ಕೂ ಹೇಳಿಕೊಂಡು ಹೋದ. ಅದರ ಮುಂದಿನ ವಾರ ಒಬ್ಬ ಮುದುಕಪ್ಪ ಬಂದು ಮೇಜಿನ ಮೇಲೆ ರೇಷನ್ ಕಾರ್ಡನ್ನೇ ಬಿಚ್ಚಿಟ್ಟ.

"ಆರು ತಲೆ ಅದ. ಆರು ತಲೇದೂ ಮದ್ದು ಕೊಟ್ಬುಡಿ."

"ಯಾರಿಗೆ ಏನಾಗಿದೆ?"

"ಯಾರ್ಗೂ ಏನೂ ಆಗಿಲ್ಲ. ಈ ತಿಂಗ್ಳದ್ದು ಬುಟ್ಟೋಗ್ಬಾರ್ದಲ್ಲ, ಅದ್ಕ ಬಂದೆ."

ಹತ್ತನೆಯ ದಿನ ತಾಳಮಲೆಯವನು ಬಂದಾಗ, ನೀನು ಮಾಡಿದ ಕೆಲಸ ನೋಡು ಎಂದು ಇದನ್ನು ಹೇಳಿದೆ. ಅವನು ಬೆಂಚಿನ ಮೇಲೆ ಕೂತು ಮನಸಾರೆ ನಕ್ಕ. ಆಮೇಲೆ ಮುಖ ಗಟ್ಟಿ ಮಾಡಿಕೊಂಡು, "ಕಾರ್ಡ್ನ ಜೇಬಿಂದ ತಗುದ್ನಾ, ಸೊಂಟದಿಂದ ತಗುದ್ನಾ?" ಎಂದು ಕೇಳಿದ. ಇವನಿಗೇಕೆ ಇದೆಲ್ಲ ಎಂದು ನನಗೆ ಸ್ವಲ್ಪ ರೇಗಿತು. ಸೊಂಟದಿಂದ ಎಂದೆ. ಅದನ್ನು ಅವನು ಮನಸ್ಸಿನಲ್ಲಿ ಎತ್ತಿಟ್ಟುಕೊಂಡಂತೆ ಕಂಡಿತು.

೩. ಕಾಲೈ ಅರೈ, ಮಾಲೈ ಅರೈ

ಒಬ್ಬರ ಖರ್ಚು ಇಳಿಸಿದ ಮೇಲೆ ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಕಂಡಕಂಡವರ ಚೀಟಿ ತಿರುವಿ ಎಲ್ಲಿ ಕಾಸು ಉಳಿಯುತ್ತದೆ ಎಂದು ನೋಡುವುದೇ ಕೆಲಸವಾಯಿತು. "ನೀನು ಅಂಗಡಿ ನಡುಸ್ತಿದ್ದಿಯೋ ಮುಚ್ತಿದ್ದಿಯೋ?" ಎಂದು ಮಾವ ಒಂದೆರಡು ಸಲ ಕೇಳಿದರು. ತಡೆಯಲಿಲ್ಲ.

ಮೈ ಕೆರೆತಕ್ಕೆ ಮಾತ್ರೆ ಒಯ್ಯುತ್ತಿದ್ದ ಒಬ್ಬ ಅಜ್ಜಿ ಇದ್ದಳು. ಅವಳಿಗೆ ಬರೆದದ್ದು ಸಣ್ಣ ಮಾತ್ರೆ, ಹೊತ್ತಿಗೊಂದು. ಅದರ ಎರಡರಷ್ಟು ಮದ್ದಿರುವ ದೊಡ್ಡ ಮಾತ್ರೆಗೆ ಹೆಚ್ಚು ಕಡಿಮೆ ಅದೇ ಬೆಲೆ. ನಡುವೆ ಗೆರೆ ಇರುವ ಮಾತ್ರೆ, ಮುರಿದು ಅರ್ಧರ್ಧ ತೆಗೆದುಕೊಂಡರೆ ಖರ್ಚು ಅರ್ಧ. ಡಾಕ್ಟರನ್ನು ಕೇಳಿಸಿ, ಒಪ್ಪಿಸಿ, ಪೊಟ್ಟಣದ ಮೇಲೆ ನಾನು ಕಲಿತ ತಮಿಳಿನಲ್ಲಿ ನೀಟಾಗಿ ಬರೆದುಕೊಟ್ಟೆ: ಕಾಲೈ ಅರೈ, ಮಾಲೈ ಅರೈ. ಬೆಳಿಗ್ಗೆ ಅರ್ಧ, ಸಂಜೆ ಅರ್ಧ.

ತಾಳವಾಡಿ ಪೇಟೆಯವರಿಗೆ ತಮಿಳು ನನಗಿಂತ ಚೆನ್ನಾಗಿ ಬರುತ್ತದೆ. ಆದರೆ ಈ ಅಜ್ಜಿ ಪೇಟೆಯಿಂದ ದೂರದ ಒಂದು ಹೊಲದ ಕೊಪ್ಪಲಿನವಳು. ಪಕ್ಕದ ಮನೆಯವಳು ಅಕ್ಷರ ಕೂಡಿಸಿ ಓದಿಹೇಳಿದಳಂತೆ. ಒಂದು ವಾರ ಬಿಟ್ಟು ಅಜ್ಜಿ ಬಂದು ಬೆಂಚಿನ ಮೇಲೆ ಕೂತಳು.

"ಕಾಲ್ಗ ವಾಸಿ ಅದ ಕಣಪ್ಪ. ಕತ್ತುಗ ಇನ್ನೂ ಇಡ್ದಿಲ್ಲ."

"ಕಾಲಿಗೆ, ಕತ್ತಿಗೆ ಅಂತ ಬೇರೆ ಬೇರೆ ಏನಜ್ಜಿ? ನುಂಗಿದರೆ ಮೈಗೆಲ್ಲ ಒಂದೇ."

"ನುಂಗೋದಾ? ಕಾಲ್ಗ ಅರೆ, ಮಾಲೆಗ ಅರೆ ಅಂತ ನೀನೇ ಬರ್ದಿದ್ಯಲ್ಲ. ಒರಳಲ್ಲಿ ನುಣ್ಣಗ ಅರ್ದು ಕಾಲ್ಗ ಅಚ್ಚುದ್ವಿ. ಮಾಲೆ ನಮ್ಮನೇಲಿ ಎಲ್ಲದ? ನಂಗ ಯಾರು ಮಾಲೆ ಆಕಾರು? ಮಾಲೆ ಬೀಳೋ ಜಾಗಕ್ಕ ಅಚ್ಚುದ್ವಿ."

ಮಾವನ ಪೇಪರು ಗಡಗಡ ನಡುಗುತ್ತಿತ್ತು. ನಾನು ಆವತ್ತೇ ಶಪಥ ಮಾಡಿ, ಇನ್ನು ಯಾವ ಭಾಷೆಯೂ ಬೇಡ ಎಂದು ಪೊಟ್ಟಣದ ಮೇಲೆ ಚಿತ್ರ ಬರೆಯಲು ಶುರುಮಾಡಿದೆ. ಒಂದು ಸೂರ್ಯ, ಪಕ್ಕದಲ್ಲಿ ಅರ್ಧ ಮಾತ್ರೆ. ಮೊದಲನೇ ಚಿತ್ರದ ಪೊಟ್ಟಣವನ್ನು ತಾಳಮಲೆಯವನಿಗೇ ತೋರಿಸಿದೆ. ಅವನು ತಿರುಗಿಸಿ ತಿರುಗಿಸಿ ನೋಡಿ, "ಒಳ್ಳೇದಾಯ್ತು ಸಾಮಿ. ಸೂರ್ಯ ಅರ್ಧ ಮುಳುಗ್ದಾಗ ತಿನ್ಬೇಕು," ಅಂದ.

ಆಮೇಲೆ ಕೂತು ಅಜ್ಜಿಯ ಕತೆಯನ್ನು ಎರಡು ಸಲ ಹೇಳಿಸಿಕೊಂಡ. ಯಾವ ಬಣ್ಣದ ಸೀರೆ ಉಟ್ಟಿದ್ದಳು ಎಂದು ಕೇಳಿದ. ಹಸಿರು ಎಂದೆ. ಯಾವ ಕಾಲಿಗೆ ಹಚ್ಚಿದಳು ಎಂದು ಕೇಳಿದ. ನನಗೆ ಸಾಕಾಯಿತು. "ನಿನ್ನ ಹೆಂಡತಿ ನುಂಗುತ್ತಾಳೆ ತಾನೆ? ಅದನ್ನು ಮೊದಲು ಹೇಳು," ಅಂದೆ.

"ನನ್ ಮುಂದಾಗಡೆ ನುಂಗಿ, ಬಾಯಿ ತಗ್ದು ತೋರ್ಸ್ತಾಳ ಸಾಮಿ," ಎಂದು ಅವನು ತನ್ನ ಬಾಯನ್ನೇ ತೆರೆದು ತೋರಿಸಿದ.

೪. ಆನೆ ಮಾತ್ರೆ

ಒಂದು ಸಲ ಹತ್ತನೆಯ ದಿನ ಅವನು ಬರಲಿಲ್ಲ. ಸಂಜೆಯ ಬಸ್ಸೂ ಬಂದು ಹೋಯಿತು. ಮನೆಯಲ್ಲಿ ಮಾತ್ರೆ ಮುಗಿದಿದೆ ಎಂದು ನನಗೆ ಗೊತ್ತು. ಒಂದು ದಿನ ತಪ್ಪಿ ಅವಳು ಬಿದ್ದರೆ ಅಲ್ಲಿಯವರೆಗಿನ ಎಲ್ಲ ತಿಂಗಳೂ ನೀರುಪಾಲು, ಮತ್ತೆ ಮೊದಲಿಂದ ಮೂರು ವರ್ಷ. ಮುಖ ನೋಡದ ಒಬ್ಬ ಹೆಣ್ಣುಮಗಳಿಗಾಗಿ ನಾನು ಬಾಗಿಲಲ್ಲಿ ನಿಂತು ದಾರಿ ನೋಡಿದ್ದು ಅದೇ ಮೊದಲು.

ಹನ್ನೊಂದನೆಯ ದಿನ ಬಂದ. ಕಾಡುದಾರಿಯಲ್ಲಿ ಆನೆ ಅಡ್ಡ ನಿಂತಿತ್ತಂತೆ. ಕಾದು ಕಾದು ಹಿಂದಕ್ಕೆ ಹೋಗಿದ್ದ. ದೇವರು ದೊಡ್ಡವನು, ಅವಳಿಗೆ ಏನೂ ಆಗಿರಲಿಲ್ಲ. ನಾನು ಹನ್ನೊಂದು ಮಾತ್ರೆ ಎಣಿಸಿ ಕೊಟ್ಟೆ.

ಅವನು ಎಣಿಸಿ ಒಂದನ್ನು ವಾಪಸು ಸರಿಸಿದ. "ಅನ್ನೊಂದು ಅದ ಸಾಮಿ. ನಾ ಕೇಳಿದ್ದು ಅತ್ತು."

"ಅದು ಆನೆ ಮಾತ್ರೆ. ಆನೆ ಅಡ್ಡ ನಿಂತ ದಿನ ಕೊಡೋದಕ್ಕೆ. ಅದನ್ನು ಬೇರೆ ಕಟ್ಟಿಡು."

ಅವನು ಅದನ್ನು ಟವಲಿನ ತುದಿಯಲ್ಲಿ ಗಂಟು ಹಾಕಿಕೊಂಡ. ಹಾಕಿಕೊಂಡವನು ಸುಮ್ಮನೆ ಊರಿಗೆ ಹೋಗಬೇಕಿತ್ತು. ಟೀ ಅಂಗಡಿಯಲ್ಲಿ ಕೂತು ಗಂಟು ತೋರಿಸಿ, ಆನೆ ಅಡ್ಡ ನಿಂತಾಗ ಇದೊಂದು ಕೊಟ್ಟರೆ ಸಾಕಂತೆ ಎಂದು ಹೇಳಿಯೂ ಹೋದ. ಎರಡು ದಿನ ಬಿಟ್ಟು ನಮ್ಮ ಕಂಡಕ್ಟರು, ಡ್ರೈವರನ್ನೂ ಕರೆದುಕೊಂಡು ಬಂದರು.

"ಆನೆ ಮಾತ್ರೆ ಎರಡು ಕೊಡಿ."

"ಯಾರಿಗೆ?"

"ಆನೆಗ. ಆಸನೂರ್ ದಾಟ್ತಿದ್ದಂಗೆ ದಿನಾ ಒಂದು ನಿಂತಿರ್ತದ. ಇಳ್ದು ಕೊಡಬೇಕಾ, ಎಸುದ್ರ ನಡೀತದಾ?"

ಅಂಥ ಮಾತ್ರೆ ಇಲ್ಲ ಎಂದೆ. ಇರುವುದನ್ನು ಕೊಡುತ್ತಿಲ್ಲ ಎಂದು ಅವರಿಗೆ ಅನುಮಾನ. ಡ್ರೈವರು ಮೇಜಿನ ಮೇಲೆ ಬಗ್ಗಿ, ಗುಟ್ಟು ಹೇಳುವವರಂತೆ ಅಂದರು: "ಕಾರ್ಡ್ ಎಸ್ರಿಂದಾದ್ರೂ ಪರವಾಗಿಲ್ಲ ಸಾರ್. ಆನೆಗ ತಾನೆ."

೫. ಮೂವತ್ತು ಬ್ಯಾಡ

ಮಾತ್ರೆಯ ಬೆಲೆ ಇಳಿಸಿಯಾಯಿತು. ಒಂದು ದಿನ ಕೂತು ಉಳಿದ ಲೆಕ್ಕ ಹಾಕಿದೆ. ಹತ್ತು ಮಾತ್ರೆಗೆ ಅರ್ಧ ಕೂಲಿ. ಅದನ್ನು ಒಯ್ಯಲು ಬರುವ ದಿನ ಅವನಿಗೆ ಕೆಲಸವಿಲ್ಲ, ಒಂದು ಇಡೀ ಕೂಲಿ ಹೋಯಿತು. ಮೇಲೆ ಬಸ್ಸಿನ ದುಡ್ಡು. ಅಂದರೆ ಮದ್ದಿಗಿಂತ ದಾರಿಯೇ ದುಬಾರಿ. ತಿಂಗಳಿಗೆ ಒಂದೇ ಸಲ ಬಂದು ಮೂವತ್ತು ಒಯ್ದರೆ ಎಷ್ಟು ಉಳಿಯುತ್ತದೆ! ಕಾಸು ಆಮೇಲೆ ಕೊಡಲಿ ಎಂದು ಮಾವನನ್ನೂ ಒಪ್ಪಿಸಿದೆ.

"ಬ್ಯಾಡ ಸಾಮಿ, ಅತ್ತೇ ಸಾಕು," ಅಂದ ತಾಳಮಲೆಯವನು.

ಮುಂದಿನ ಸಲವೂ ಅದೇ. ಅದರ ಮುಂದಿನ ಸಲವೂ ಅದೇ. ಪೇಟೆಗೆ ಬಂದು ಕುಡಿಯುವ ಚಪಲವಿರಬೇಕು ಎಂದು ಮಾವ ಊಹಿಸಿದರು. ನಾನು ಮೂಗು ಮುಂದೆ ಮಾಡಿ ನೋಡಿದೆ, ಬೀಡಿ ವಾಸನೆ ಬಿಟ್ಟರೆ ಏನೂ ಇಲ್ಲ. ಕೊನೆಗೊಂದು ದಿನ ಬೈದೇಬಿಟ್ಟೆ. ಹೆಂಡತಿಯ ಮದ್ದಿನ ಹೆಸರಲ್ಲಿ ತಿಂಗಳಿಗೆ ಮೂರು ದಿನ ಕೂಲಿ ಕಳೆದುಕೊಳ್ಳುತ್ತೀಯಲ್ಲ, ನಿನಗೆ ಬುದ್ಧಿ ಇದೆಯಾ ಅಂದೆ.

ಅವನು ಟವಲಿನ ಗಂಟು ಬಿಚ್ಚಿ ಮತ್ತೆ ಕಟ್ಟಿದ.

"ಮಾತ್ರೆ ಒಂದೇ ಆಗಿದ್ರ ಮೂವತ್ತಲ್ಲ ಸಾಮಿ, ನೂರು ಈಸ್ಕೊಂಡ್ ಓಗ್ತಿದ್ದೆ. ನಾ ಇಲ್ಲಿಂದ ಓಗೋ ದಿಸ ಅವ್ಳು ಬಾಗ್ಲಲ್ಲೇ ಕುಂತಿರ್ತಾಳ. ಮಾತ್ರೆ ತಂದ್ಯಾ ಅಂತ ಕೇಳಾಕಿಲ್ಲ. ಇವತ್ತು ಅಂಗಡೀಲಿ ಏನಾಯ್ತು ಅಂತಾಳ. ನೀವ್ ಏಳಿದ್ದೆಲ್ಲ ಏಳ್ಬೇಕು. ಅಜ್ಜಿ ಸೀರ ಯಾವ್ ಬಣ್ಣ ಅಂತಾಳ. ಗೊತ್ತಿಲ್ಲ ಅಂದ್ರ ಮೊಕ ತಿರುಗುಸ್ಕತಾಳ. ಮನೆ ಬುಟ್ಟು ಎಲ್ಲೂ ಓಗಿಲ್ಲ ನೋಡಿ, ಅವ್ಳು ತಾಳವಾಡಿ ನೋಡಾದೇ ಅಂಗ. ನೀವು ಮೂವತ್ ಮಾತ್ರೆ ಕೊಡ್ತೀರಿ. ಒಂದ್ ತಿಂಗ್ಳು ಅವ್ಳು ಏನ್ ಕೇಳ್ಕಂಡು ಕುಂತ್ಕಬೇಕು?"

ಹನ್ನೊಂದು ಎಣಿಸಿ ಕೊಟ್ಟೆ.

ಅವತ್ತಿನಿಂದ ಅಂಗಡಿಯಲ್ಲಿ ನಡೆದದ್ದನ್ನೆಲ್ಲ ನಾನು ಅವಳಿಗಾಗಿ ಎತ್ತಿಡತೊಡಗಿದೆ. ಇವೆಲ್ಲ ನನಗೆ ಇಷ್ಟು ವರ್ಷವಾದರೂ ಬಣ್ಣದ ಸಮೇತ ನೆನಪಿರುವುದಕ್ಕೆ ಅದೇ ಕಾರಣ. ಆಗ ನನಗೆ ಮದುವೆಯಾಗಿರಲಿಲ್ಲ. ಅಂಗಡಿಯ ಹಿಂದಿನ ಕೋಣೆಯಲ್ಲಿ ಒಬ್ಬನೇ ಇರುತ್ತಿದ್ದೆ. ಇವತ್ತು ಏನಾಯಿತು ಎಂದು ಕೇಳಲು ನನಗಾಗಿ ಯಾರೂ ಯಾವ ಬಾಗಿಲಲ್ಲೂ ಕೂತಿರಲಿಲ್ಲ. ಅಷ್ಟು ದೂರದಲ್ಲಿ, ನೋಡದ ಮನೆಯಲ್ಲಿ, ಒಬ್ಬಳು ಕೂತಿದ್ದಾಳೆ ಎನ್ನುವುದೇ ನನಗೆ ದೊಡ್ಡ ಆಸರೆಯಾಯಿತು. ಅವಳು ನಗುವಾಗ ಹೇಗೆ ಕಾಣುತ್ತಾಳೆ ಎಂದು ನೋಡಬೇಕು ಅನಿಸುತ್ತಿತ್ತು. ಕೇಳುವುದು ಹೇಗೆ? ಕೇಳಲಿಲ್ಲ.

ಒಂದು ಸಲ ಒಂಬತ್ತು ದಿನ ಕಳೆದರೂ ಅಂಗಡಿಯಲ್ಲಿ ಏನೂ ನಡೆಯಲಿಲ್ಲ. ಬಂದವರೆಲ್ಲ ಸರಿಯಾದ ಚೀಟಿ ತಂದು, ಸರಿಯಾಗಿ ಕೇಳಿ, ಸರಿಯಾಗಿ ಹೋದರು. ಹತ್ತನೆಯ ದಿನ ನಾನೇ ಒಂದು ಕತೆ ಕಟ್ಟಿದೆ: ಒಂದು ಕರು ಒಳಗೆ ನುಗ್ಗಿ ಮೇಜಿನ ಮೇಲಿದ್ದ ನಿದ್ದೆ ಮಾತ್ರೆ ತಿಂದು, ಮೇಜಿನ ಮೇಲೇ ಮಲಗಿಬಿಟ್ಟಿತು ಅಂತ. ತಾಳಮಲೆಯವನು ನಕ್ಕು, ಕರುವಿನ ಬಣ್ಣ ಕೇಳಿಕೊಂಡು ಹೋದ.

ಮುಂದಿನ ಸಲ ಬಂದವನು ಬೆಂಚಿನ ಮೇಲೆ ಕೂರಲಿಲ್ಲ. ಮುಖ ಗಂಟಾಗಿತ್ತು. "ಮೇಜು ಎದೆಮಟ್ಟ ಅದ ಅಂತ ಆವತ್ತು ನಾನೇ ಅವ್ಳ್ಗ ಏಳಿದ್ದೆ. ಕರು ಎಂಗ ಅತ್ತುತು ಅಂತ ಕೇಳುದ್ಲು ಸಾಮಿ. ನಂಗ ಏಳಾಕ್ ಆಗ್ಲಿಲ್ಲ."

ನಾನು ತಪ್ಪು ಒಪ್ಪಿಕೊಂಡೆ.

"ಸುಳ್ಳು ಕತೆ ಬ್ಯಾಡ್ವಂತೆ. ಅಳೇದಾದ್ರೂ ಆಗ್ಲಿ, ನಿಜದ್ದೇ ಕೊಡಿ ಅಂತ ಏಳವ್ಳೆ."

ಮದ್ದಿನಂಗಡಿಯಲ್ಲಿ ಹಳೆಯ ಮಾಲನ್ನೇ ಕೇಳಿ ಪಡೆದ ಗಿರಾಕಿ ಅವಳೊಬ್ಬಳೇ.

೬. ಬೇರೆ ಅತ್ತು

ಮೂರು ವರ್ಷ ಕಳೆದು ಮೇಲೆ ಕೆಲವು ತಿಂಗಳಾಗಿರಬೇಕು. ಸಂತೆಯ ದಿನ, ಬೆಳಿಗ್ಗೆ. ಅಂಗಡಿ ತುಂಬಿತ್ತು. ಕೆರೆತದ ಅಜ್ಜಿ ಅದೇ ಹಸಿರು ಸೀರೆಯಲ್ಲಿ ಬೆಂಚಿನ ಮೇಲೆ ಕೂತಿದ್ದಳು. ಹೊಸ ಸೀರೆ ಉಟ್ಟ ಒಬ್ಬ ಹೆಂಗಸು ಒಳಗೆ ಬಂದಳು. ಮೇಜಿನ ಹತ್ತಿರ ನಿಂತು, ಅದರ ಅಂಚಿಗೂ ತನ್ನ ಎದೆಗೂ ಕೈ ಅಳತೆ ಹಿಡಿದು ನೋಡಿದಳು. ಆಮೇಲೆ ಸೆರಗನ್ನು ಮುಖದ ತುಂಬ ಎಳೆದುಕೊಂಡು, ಗೊಳೋ ಎಂದು ಅಳಲು ಶುರುಮಾಡಿದಳು.

ಅಜ್ಜಿ ಎದ್ದು ನಿಂತಳು. ಮಾವ ಪೇಪರ್ ಕೆಳಗಿಟ್ಟರು. ನಾನು ಮೇಜು ಸುತ್ತಿಕೊಂಡು ಓಡಿಬಂದೆ. "ಏನಾಯ್ತಮ್ಮ? ಯಾರಿಗೇನಾಯ್ತು?"

ಸೆರಗಿನ ಒಳಗಿಂದ ಬಿಕ್ಕುತ್ತ ಬಂತು: "ಅತ್ತು ಮಾತ್ರೆ ಕೊಡಿ."

"ಅಳಬೇಡಮ್ಮ, ಸುಮ್ಮನೆ ಕೇಳಿದರೂ ಕೊಡ್ತೀನಿ," ಅಂದೆ.

ಸೆರಗು ಸರಿಯಿತು. ಕಣ್ಣಲ್ಲಿ ಒಂದು ಹನಿಯೂ ಇರಲಿಲ್ಲ. ಮುಖವೆಲ್ಲ ನಗು. ಬಾಗಿಲ ಕಡೆ ತಿರುಗಿ ಕೂಗಿದಳು, "ಅದೇ ಮಾತೇ ಏಳುದ್ರು ನೋಡು. ಒಂದಕ್ಸರ ತಪ್ಪಿಲ್ಲ." ಬಾಗಿಲಲ್ಲಿ ತಾಳಮಲೆಯವನು ಟವಲನ್ನು ಬಾಯಿಗೆ ತುರುಕಿಕೊಂಡು ನಿಂತಿದ್ದ. ಆಗ ಅವಳ ಮುಂಗೈಯ ಸುಟ್ಟ ಕಲೆ ನನ್ನ ಕಣ್ಣಿಗೆ ಬಿತ್ತು.

ಅವಳು ನಗುವಾಗ ಹೇಗೆ ಕಾಣುತ್ತಾಳೆ ಎಂದು ನೋಡಿದೆ. ನಾನು ಅಂದುಕೊಂಡಿದ್ದಕ್ಕಿಂತ ಚೆನ್ನಾಗಿತ್ತು.

ಅವಳು ಅಂಗಡಿಯನ್ನೆಲ್ಲ ಕತೆಗೆ ತಾಳೆ ಹಾಕಿದಳು. ಬೆಂಚು ಅಲ್ಲಾಡಿಸಿ ಯಾವ ಕಾಲು ಕುಂಟು ಎಂದು ಕಂಡುಹಿಡಿದಳು. ಪೇಪರ್ ಹಿಡಿದು ಕೂರುವ ಮಾವ ನೀವೇನಾ ಎಂದು ಮಾವನನ್ನು ಕೇಳಿದಳು. ಅಜ್ಜಿಯ ಮುಂದೆ ನಿಂತು, "ಕಾಲು ವಾಸಿ ಆಯ್ತಲ್ಲ, ಕತ್ತು ಎಂಗದ?" ಎಂದಳು. "ನೀ ಯಾರವ್ವ, ನನ್ ಕತ್ತಿನ ಇಚಾರ ನಿಂಗ್ಯಾಕ?" ಎಂದು ಅಜ್ಜಿ ಸೆರಗು ಸುತ್ತಿಕೊಂಡಳು.

ಡಾಕ್ಟರು ಒಪ್ಪಿದ್ದಾರಂತೆ. ಇನ್ನಷ್ಟು ದಿನ ಮಾತ್ರೆ ನುಂಗಬೇಕು, ಆದರೆ ಎಲ್ಲಿಗೆ ಬೇಕಾದರೂ ಹೋಗಬಹುದು. "ಬಸ್ ಅತ್ತಿ ಬಂದೆ," ಎಂದು ಎರಡು ಸಲ ಹೇಳಿದಳು. ಆಮೇಲೆ ಮೇಜಿನ ಮೇಲೆ ಕೈಯಿಟ್ಟು, "ಸಾಮಿ, ಮೂವತ್ತು ಕೊಡಿ," ಅಂದಳು.

"ಅತ್ತು ಸಾಕಲ್ಲ?" ಎಂಬ ಮಾತು ನನ್ನ ಬಾಯಿಂದಲೇ ಬಂತು. ಹಿಂದೆ ಮೂವತ್ತು ಒಯ್ಯಿರಿ ಎಂದು ಬಡಿದುಕೊಂಡವನು ನಾನು.

"ಮದ್ದಿಗಿಂತ ದಾರಿನೇ ದುಬಾರಿ ಅಂತ ನೀವೇ ಅಂದಿದ್ರಂತೆ. ಅಂಗಡೀನೂ ಕಣ್ಣಲ್ಲಿ ನೋಡಾಯ್ತು. ಇನ್ಯಾಕ ಇವ್ರು ಕೂಲಿ ಕೆಡುಸ್ಕಂಡು ಬರಾದು?"

ಸರಿಯಾದ ಮಾತು. ನನ್ನದೇ ಲೆಕ್ಕ. ಎಣಿಸಲು ಕೂತೆ. ಎರಡು ಸಲ ಹದಿನೇಳರಲ್ಲಿ ತಪ್ಪಿತು, ಮೂರನೆಯ ಸಲ ಮೂವತ್ತು ಮುಟ್ಟಿದೆ. ಆನೆ ಮಾತ್ರೆಯನ್ನು ಬೇರೆ ಕಟ್ಟಿಕೊಟ್ಟೆ. ಅದನ್ನು ಅವಳು ತನ್ನ ಸೆರಗಿನ ತುದಿಗೇ ಗಂಟು ಹಾಕಿಕೊಂಡಳು. ಇಬ್ಬರೂ ಬಸ್ ಸ್ಟ್ಯಾಂಡಿನ ಕಡೆ ನಡೆದರು. ಮುಂದೆ ಅವಳು, ಹಿಂದೆ ಅವನು. ಬಸ್ಸು ಹೊರಟಾಗ ಅವಳು ಕಿಟಕಿಯಿಂದ ತಲೆ ಹಾಕಿ ಅಂಗಡಿಯ ಬೋರ್ಡನ್ನು ನೋಡುತ್ತಲೇ ಇದ್ದಳು. ಅವಳು ಅಂಗಳ ದಾಟಬೇಕೆಂದು ಮೂರು ವರ್ಷ ದಾರಿ ಕಾದವನು ನಾನೇ. ದಾಟಿದಳು. ಇನ್ನು ಹತ್ತನೆಯ ದಿನ ಬಂದರೆ ಯಾರಿಗೆ ಏನು ಹೇಳುವುದು ಎಂದು ಮಾತ್ರ ನಾನು ಲೆಕ್ಕ ಹಾಕಿರಲಿಲ್ಲ.

ಬಸ್ಸಿನ ದೂಳು ಅಡಗುವವರೆಗೆ ಬಾಗಿಲಲ್ಲಿ ನಿಂತಿದ್ದು ಒಳಗೆ ಬಂದೆ. ಮಾವ ಪೇಪರಿನ ಹಿಂದಿನಿಂದ ಕೇಳಿದರು, "ಏಸ್ ಕೊಟ್ಟೆಲಾ?"

ಅಷ್ಟು ಹೊತ್ತಿಗೆ ನನ್ನ ಹಕಾರವೂ ಬಿದ್ದುಹೋಗಿ ಬಹಳ ಕಾಲವಾಗಿತ್ತು.

"ಅತ್ತು ಕೊಟ್ಟೆ ಮಾವ."

"ಅತ್ತಾ? ಮೂವತ್ತು ಅಂತ ಕೇಳ್ದಂಗಿತ್ತಲ್ಲ ಅವ್ಳು?"

"ಮೂವತ್ತೇ ಕೊಟ್ಟೆ."

ಮಾವ ಪೇಪರ್ ಇಳಿಸಿ ನನ್ನ ಮುಖ ನೋಡಿದರು. ನೋಡಿ, ಮತ್ತೆ ಮೆಲ್ಲಗೆ ಪೇಪರ್ ಎತ್ತಿಕೊಂಡರು.

"ಓ," ಅಂದರು, "ಇದು ಬೇರೆ ಅತ್ತು."